ಲೂಯಿ ಪಾಶ್ಚರ್: ರೇಷ್ಮೆ ಹುಳುವಿನಿಂದ ನರದ ಹೊದಿಕೆಯವರೆಗೆ

ರಾಯಕೋಟೆ, ಡೆಂಕಣಿಕೋಟೆ, ಹೊಸೂರು ಸೀಮೆಯಲ್ಲಿ ರೇಷ್ಮೆ ಹುಳು ಮೇಯಿಸುವ ಮನೆಗಳವರಿಗೆ ಗಂಟು ರೋಗದ ಹೆಸರು ಹೊಸದಲ್ಲ. ಬಿತ್ತನೆ ಕೋಠಿಗಳಲ್ಲಿ ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣಗಳು ಕಂಡುಬಂದರೆ ಆ ಮೊಟ್ಟೆಗಳನ್ನೆಲ್ಲ ನಾಶಪಡಿಸುವ ಕ್ರಮವೊಂದಿದೆ. ಈ ಕ್ರಮವನ್ನು ರೂಢಿಗೆ ತಂದವರು ಫ್ರಾನ್ಸ್ ದೇಶದ ಲೂಯಿ ಪಾಶ್ಚರ್. ನಮ್ಮ ಮಕ್ಕಳು ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕಂಡುಹಿಡಿದವರೆಂದು ಪಾಠದಲ್ಲಿ ಓದುವುದೂ ಅವರನ್ನೇ. ಆದರೆ ಆ ಲಸಿಕೆಯಿಂದ ಕೆಲವರಿಗೆ ಉಂಟಾದ ತೊಂದರೆಯೇ ಮುಂದೆ ನರರೋಗಗಳ ಸಂಶೋಧನೆಗೆ ದಾರಿ ತೆರೆಯಿತೆಂಬ ಸಂಗತಿ ಪಾಠಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಆದ್ದರಿಂದ ಅವರ ಬದುಕನ್ನು ಇಲ್ಲಿ ಆ ಕಡೆಯಿಂದ ನೋಡಲು ಬಯಸಿದ್ದೇವೆ.

ಪಾಶ್ಚರ್ ಅವರು 1822ರ ಡಿಸೆಂಬರ್ 27ರಂದು ಡೋಲ್ ಎಂಬ ಊರಿನಲ್ಲಿ ಜನಿಸಿದರು. ತಂದೆ ತೊಗಲು ಹದ ಮಾಡುವ ಕಸುಬಿನವರು. ಬಾಲ್ಯ ಕಳೆದದ್ದು ಆರ್ಬ್ವಾ ಎಂಬ ಸಣ್ಣ ಊರಿನಲ್ಲಿ. 1831ರಲ್ಲಿ ಆ ಸೀಮೆಗೆ ಹುಚ್ಚು ಹಿಡಿದ ತೋಳವೊಂದು ನುಗ್ಗಿ ಹಲವರನ್ನು ಕಚ್ಚಿತು. ಗಾಯವನ್ನು ಕಾದ ಕಬ್ಬಿಣದಿಂದ ಸುಡುವುದೇ ಆಗಿನ ಚಿಕಿತ್ಸೆಯಾಗಿತ್ತು. ಕಮ್ಮಾರನ ಕುಲುಮೆಯ ಬಳಿ ನಡೆದ ಆ ಯಾತನೆ ಎಂಟು ವರ್ಷದ ಬಾಲಕನ ನೆನಪಿನಲ್ಲಿ ಉಳಿಯಿತೆಂದು ಅವರ ಜೀವನಚರಿತ್ರೆಕಾರರು ಹೇಳುತ್ತಾರೆ.

ಪ್ಯಾರಿಸ್ಸಿನಲ್ಲಿ ಅವರು ಕಲಿತದ್ದು ವೈದ್ಯವನ್ನಲ್ಲ, ರಸಾಯನಶಾಸ್ತ್ರವನ್ನು. 1848ರಲ್ಲಿ ಹರಳುಗಳ ಕುರಿತ ಶೋಧನೆಯಿಂದ ಹೆಸರಾದರು. ಬಳಿಕ ಹುದುಗುವಿಕೆಗೆ ಜೀವಾಣುಗಳೇ ಕಾರಣವೆಂದು ತೋರಿಸಿದರು. ದ್ರವವನ್ನು ಹದವಾಗಿ ಕಾಯಿಸಿ ಕೆಡದಂತೆ ಕಾಪಾಡುವ ವಿಧಾನಕ್ಕೆ ಇಂದಿಗೂ ಅವರ ಹೆಸರೇ ಇದೆ. 1865ರಲ್ಲಿ ದಕ್ಷಿಣ ಫ್ರಾನ್ಸಿನ ರೇಷ್ಮೆ ಬೆಳೆ ರೋಗದಿಂದ ನೆಲಕಚ್ಚಿದಾಗ ಗುರುಗಳಾದ ದ್ಯುಮಾ ಅವರ ಒತ್ತಾಯದಿಂದ ಆ ಕೆಲಸ ಕೈಗೊಂಡರು. ಅದುವರೆಗೆ ಅವರು ರೇಷ್ಮೆ ಹುಳುವಿನ ವಿಷಯ ತಿಳಿದವರೇ ಅಲ್ಲ. ಕೆಲವು ವರ್ಷಗಳ ದುಡಿಮೆಯಲ್ಲಿ ಗಂಟು ರೋಗವೂ ಸಪ್ಪೆ ರೋಗವೂ ಬೇರೆ ಬೇರೆಯೆಂದು ಗುರುತಿಸಿದರು. ಇದೇ ಅವಧಿಯಲ್ಲಿ ಅವರ ಇಬ್ಬರು ಹೆಣ್ಣುಮಕ್ಕಳು ತೀರಿಕೊಂಡರು. ಹಿರಿಯ ಮಗಳು 1859ರಲ್ಲಿಯೇ ವಿಷಮಶೀತ ಜ್ವರಕ್ಕೆ ಬಲಿಯಾಗಿದ್ದಳು. 1868ರಲ್ಲಿ ಪಾಶ್ಚರ್ ಅವರಿಗೇ ಪಾರ್ಶ್ವವಾಯು ಬಡಿದು ದೇಹದ ಎಡಭಾಗ ಬಲಗುಂದಿತು. ಅವರು ಕೆಲಸ ಬಿಡಲಿಲ್ಲ.

ಅದೇ 1868ರಲ್ಲಿ ಅದೇ ಪ್ಯಾರಿಸ್ಸಿನಲ್ಲಿ ಶಾರ್ಕೋ ಎಂಬ ವೈದ್ಯರು ಯುವಜನರ ಕೈಕಾಲಿನ ಬಲ, ನಡಿಗೆ, ದೃಷ್ಟಿಗಳನ್ನು ಕೆಡಿಸುವ ಒಂದು ನರರೋಗವನ್ನು ವಿವರವಾಗಿ ಬಣ್ಣಿಸಿದರು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ನಾವು ಕರೆಯುವುದು ಅದನ್ನೇ. ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಹೊದಿಕೆಯಿರುವಂತೆ ನಮ್ಮ ಅನೇಕ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆಯಿದೆ. ಈ ರೋಗದಲ್ಲಿ ಮಿದುಳು ಮತ್ತು ಮಿದುಳುಬಳ್ಳಿಯ ಅಲ್ಲಲ್ಲಿ ಆ ಹೊದಿಕೆ ಕಳಚಿ, ಸಂದೇಶಗಳು ನಿಧಾನವಾಗುತ್ತವೆ ಅಥವಾ ನಿಂತೇ ಹೋಗುತ್ತವೆ. ಹೊದಿಕೆ ಏಕೆ ಕಳಚುತ್ತದೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

1880ರ ದಶಕದಲ್ಲಿ ಪಾಶ್ಚರ್ ಮತ್ತು ಅವರ ಸಹಾಯಕ ರೂ ಅವರು ರೇಬೀಸ್ ರೋಗದತ್ತ ತಿರುಗಿದರು. ರೋಗ ತಗುಲಿದ ಮೊಲದ ಮಿದುಳುಬಳ್ಳಿಯನ್ನು ಸೀಸೆಯಲ್ಲಿ ತೂಗುಹಾಕಿ ಒಣಗಿಸಿದಷ್ಟೂ ಅದರ ವಿಷ ತಗ್ಗುವುದನ್ನು ಕಂಡರು. 1885ರ ಜುಲೈ 6ರಂದು ಆಲ್ಸೇಸ್ ಪ್ರಾಂತದ ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಬಾಲಕನನ್ನು ತಾಯಿ ಅವರ ಬಳಿಗೆ ಕರೆತಂದಳು. ಹುಚ್ಚುನಾಯಿ ಅವನ ಮೈಯನ್ನು ಹಲವು ಕಡೆ ಕಚ್ಚಿತ್ತು. ಪಾಶ್ಚರ್ ವೈದ್ಯರಲ್ಲ. ಆ ಕ್ರಮದ ಚಿಕಿತ್ಸೆಗೆ ಪ್ರಾಣಿಗಳ ಮೇಲಿನ ಪರೀಕ್ಷೆಯೂ ಪೂರ್ಣಗೊಂಡಿರಲಿಲ್ಲವೆಂಬುದು ಅವರ ಪ್ರಯೋಗದ ಟಿಪ್ಪಣಿ ಪುಸ್ತಕಗಳಿಂದ ಬಹುಕಾಲದ ಮೇಲೆ ತಿಳಿದುಬಂತು. ಸುಮ್ಮನಿದ್ದರೆ ಬಾಲಕನ ಸಾವು ಬಹುತೇಕ ಖಚಿತ ಎಂಬುದು ಮಾತ್ರ ಎದುರಿಗಿತ್ತು. ವುಲ್ಪಿಯಾ ಮತ್ತು ಗ್ರಾಂಶೆ ಎಂಬ ವೈದ್ಯರು ಚುಚ್ಚುಮದ್ದು ಕೊಡಬಹುದೆಂದರು. ಈ ವುಲ್ಪಿಯಾ ಅವರೇ ಹಿಂದೆ ಶಾರ್ಕೋ ಅವರೊಂದಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗವನ್ನು ಅಧ್ಯಯನ ಮಾಡಿದ್ದವರು. ಗ್ರಾಂಶೆ ಅವರ ಕೈಯಿಂದ 13 ಚುಚ್ಚುಮದ್ದುಗಳು ನಡೆದವು. ಬಾಲಕ ಉಳಿದನು.

ದೇಶವಿದೇಶಗಳಿಂದ ನಾಯಿ ಕಚ್ಚಿದವರು ಪ್ಯಾರಿಸ್ಸಿಗೆ ಬರತೊಡಗಿದರು. ಜನರ ದೇಣಿಗೆಯಿಂದ 1888ರಲ್ಲಿ ಪಾಶ್ಚರ್ ಸಂಸ್ಥೆ ತೆರೆಯಿತು. ಆದರೆ ಚುಚ್ಚುಮದ್ದು ಪಡೆದ ಕೆಲವೇ ಕೆಲವರಿಗೆ ದಿನಗಳೋ ವಾರಗಳೋ ಕಳೆದ ಮೇಲೆ ಕೈಕಾಲು ಬಿದ್ದುಹೋಗುವುದೂ ಕಂಡುಬಂತು. ಲಸಿಕೆಯಲ್ಲಿದ್ದ ರೇಬೀಸ್ ವಿಷವೇ ಕಾರಣವೆಂದು ಹಲವರು ಶಂಕಿಸಿದರು. ಅದು ಇತ್ಯರ್ಥವಾಗುವ ಮುನ್ನವೇ, 1895ರ ಸೆಪ್ಟೆಂಬರ್ 28ರಂದು ಪಾಶ್ಚರ್ ನಿಧನರಾದರು. ಅವರ ಸಮಾಧಿ ಆ ಸಂಸ್ಥೆಯೊಳಗೇ ಇದೆ.

ಅವರ ಕೆಲಸ ನಮ್ಮ ನಾಡಿಗೂ ಬಂತು. ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ 1900ರಲ್ಲಿಯೂ ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿಯೂ ಪಾಶ್ಚರ್ ಹೆಸರಿನ ಸಂಸ್ಥೆಗಳು ಆರಂಭವಾದವು. ಕಸೌಲಿಯ ಡೇವಿಡ್ ಸೆಂಪಲ್ ಎಂಬ ವೈದ್ಯರು 1911ರಲ್ಲಿ ಕಾರ್ಬಾಲಿಕ್ ಆಮ್ಲದಿಂದ ವೈರಾಣುವನ್ನು ಕೊಂದು ಲಸಿಕೆ ತಯಾರಿಸುವ ವಿಧಾನ ರೂಪಿಸಿದರು. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಬಗೆಯ ಲಸಿಕೆ ದಶಕಗಳ ಕಾಲ ಭಾರತದಲ್ಲಿ ಬಳಕೆಯಲ್ಲಿತ್ತು. ಹೊಟ್ಟೆಯ ಮೇಲೆ ಹೊಕ್ಕುಳ ಸುತ್ತ ಹಾಕುತ್ತಿದ್ದ ಹದಿನಾಲ್ಕು ಸೂಜಿಗಳೆಂದು ನಮ್ಮ ಹಿರಿಯರು ಹೇಳುವುದು ಇದನ್ನೇ. ಅದು ಅಸಂಖ್ಯ ಜೀವಗಳನ್ನು ಉಳಿಸಿತು. ಆದರೆ ವೈರಾಣು ಸತ್ತಿದ್ದರೂ ಕೆಲವು ನೂರು ಇಲ್ಲವೇ ಕೆಲವು ಸಾವಿರ ಜನರಲ್ಲಿ ಒಬ್ಬರಿಗೆ ಪಾರ್ಶ್ವವಾಯುವಿನಂಥ ತೊಂದರೆ ಬರುವುದು ನಿಲ್ಲಲಿಲ್ಲ.

ಹಾಗಾದರೆ ದೋಷ ವೈರಾಣುವಿನದೋ, ಮಿದುಳಿನ ಅಂಶದ್ದೋ? 1930ರ ದಶಕದಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಥಾಮಸ್ ರಿವರ್ಸ್ ಮತ್ತು ಸಂಗಡಿಗರು ರೋಗವಿಲ್ಲದ ಮೊಲದ ಮಿದುಳಿನ ಸಾರವನ್ನೇ ಮಂಗಗಳಿಗೆ ಮತ್ತೆ ಮತ್ತೆ ಚುಚ್ಚಿ ನೋಡಿದರು. ರೇಬೀಸ್ ಇಲ್ಲದಿದ್ದರೂ ಕೆಲವು ಮಂಗಗಳ ಅಂಗಗಳು ಬಲಗುಂದಿದವು. ಅವುಗಳ ಮಿದುಳಿನಲ್ಲಿ ಮಯಲಿನ್ ಕಳಚಿತ್ತು. ಹೊರಗಿನಿಂದ ಬಂದ ಮಿದುಳಿನ ಅಂಶದ ವಿರುದ್ಧ ಸಜ್ಜಾದ ದೇಹದ ರಕ್ಷಣಾ ವ್ಯವಸ್ಥೆ, ಅದನ್ನೇ ಹೋಲುವ ತನ್ನ ನರದ ಹೊದಿಕೆಯ ಮೇಲೂ ಎರಗುತ್ತದೆಂಬ ತಿಳಿವಳಿಕೆ ಇದರಿಂದ ಬೆಳೆಯಿತು. ಸ್ವಯಂ ಪ್ರತಿರಕ್ಷಾ ರೋಗ ಎಂಬುದರ ಅರ್ಥ ಇಷ್ಟೇ: ಕಾವಲುಗಾರನೇ ಮನೆಯವರನ್ನು ಕಳ್ಳರೆಂದು ಬಗೆದು ಹೊಡೆಯುವುದು. ಮಲ್ಟಿಪಲ್ ಸ್ಕ್ಲೆರೋಸಿಸ್ ಅರಿಯಲು ಇಂದಿಗೂ ಈ ಪ್ರಯೋಗ ಮಾದರಿ ಬಳಕೆಯಲ್ಲಿದೆ. ಆ ರೋಗದ ಮರುಕಳಿಕೆ ತಗ್ಗಿಸುವ ಗ್ಲಾಟಿರಾಮರ್ ಎಂಬ ಔಷಧ ಹುಟ್ಟಿದ್ದೂ ಇದೇ ದಾರಿಯಲ್ಲಿ. ನಮಗೆ ಹತ್ತಿರದ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರೂ 1980ರ ದಶಕದಲ್ಲಿ, ಮಿದುಳಿನ ಲಸಿಕೆ ಪಡೆದ ಮೇಲೆ ನರದ ತೊಂದರೆಗೆ ಒಳಗಾದವರನ್ನು ಪರೀಕ್ಷಿಸಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು.

ಕಾರಣ ತಿಳಿದ ಮೇಲೆ ಪರಿಹಾರದ ದಿಕ್ಕೂ ತಿಳಿಯಿತು. ಮಿದುಳಿನ ಅಂಶವೇ ಇಲ್ಲದಂತೆ, ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಲಸಿಕೆ ತಯಾರಾಯಿತು. 2005ರ ಹೊತ್ತಿಗೆ ಭಾರತದಲ್ಲಿ ಹಳೆಯ ಲಸಿಕೆಯ ತಯಾರಿಕೆ ನಿಂತಿತು. ಇಂದಿನ ಚುಚ್ಚುಮದ್ದು ದೊಡ್ಡವರಿಗೆ ತೋಳಿಗೆ ಬೀಳುತ್ತದೆ, ಕೆಲವೇ ಸಲ ಸಾಕು.

ಇಷ್ಟನ್ನೂ ಬರೆಯಲು ಕಾರಣವಿದೆ. ಹೊಕ್ಕುಳ ಸುತ್ತಲಿನ ಸೂಜಿಯ ಭಯ, ಚುಚ್ಚುಮದ್ದಿನಿಂದ ಕೈಕಾಲು ಬೀಳುತ್ತದೆಂಬ ಹಳೆಯ ಮಾತು ಇನ್ನೂ ಕೆಲವು ಮನೆಗಳಲ್ಲಿ ಉಳಿದಿದೆ. ಆ ಮಾತು ಹಿಂದೆ ಸುಳ್ಳಾಗಿರಲಿಲ್ಲ, ಆದರೆ ಅದು ಹಳೆಯ ಲಸಿಕೆಗೆ ಸಂಬಂಧಿಸಿದ್ದು. ಮಗುವನ್ನು ನಾಯಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ನಾಟಿ ಔಷಧಿಗಾಗಿ ಅಲೆಯದೆ ಅಂದೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ವೈದ್ಯರು ಹೇಳಿದ ದಿನಗಳಲ್ಲಿ ಒಂದು ಚುಚ್ಚುಮದ್ದನ್ನೂ ತಪ್ಪಿಸಬಾರದು. ರೋಗದ ಲಕ್ಷಣ ತೋರಿದ ಮೇಲೆ ಪ್ರಾಣ ಉಳಿಸುವ ಔಷಧ ಇಂದಿಗೂ ಇಲ್ಲ. ಮಕ್ಕಳು ಪಾಶ್ಚರ್ ಪಾಠ ಓದುವ ದಿನ ಮನೆಯ ಹಿರಿಯರೂ ಪಕ್ಕದಲ್ಲಿ ಕುಳಿತು ಕೇಳಲೆಂದು ನಾವು ಆಶಿಸುತ್ತೇವೆ.