ಭಾರತದ ಮೊದಲ ಕಾರ್ಡಿನಲ್ ವಲೇರಿಯನ್ ಗ್ರೇಶಿಯಸ್

ಮುಂಬಯಿವಾಸಿ ಕನ್ನಡಿಗರಾದ ನಮಗೆ ಕೊಲಾಬಾದ ಹೋಲಿ ನೇಮ್ ಪ್ರಧಾನ ಚರ್ಚು ಅಪರಿಚಿತವಲ್ಲ. ಸುಮಾರು ಇಪ್ಪತ್ತೆಂಟು ವರ್ಷ ಈ ನಗರದ ಆರ್ಚ್‌ಬಿಷಪ್ಪರಾಗಿದ್ದ ವಲೇರಿಯನ್ ಗ್ರೇಶಿಯಸ್ ಅವರು ಮಂಗಳೂರಿನ ಸಂತ ಜೋಸೆಫರ ಸೆಮಿನರಿಯ ವಿದ್ಯಾರ್ಥಿಯಾಗಿದ್ದರೆಂಬುದು ಮಾತ್ರ ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು.

ಗೋವಾ ಮೂಲದ ಕುಟುಂಬದಲ್ಲಿ 1900ರ ಅಕ್ಟೋಬರ್ 23ರಂದು ಕರಾಚಿಯಲ್ಲಿ ಜನಿಸಿದ ಅವರು ಮಂಗಳೂರಿನ ತರುವಾಯ ಕ್ಯಾಂಡಿಯಲ್ಲಿ ವ್ಯಾಸಂಗ ಮಾಡಿ 1926ರಲ್ಲಿ ಗುರುದೀಕ್ಷೆ ಪಡೆದರು. ಆಗ ಮುಂಬಯಿಯ ಕಥೋಲಿಕ ಸಮಾಜ ಒಡೆದ ಮನೆ. ಕೆಲವು ಇಗರ್ಜಿಗಳು ಪೋರ್ತುಗೀಸ್ ಆಶ್ರಯದ ಬಿಷಪ್ಪರಿಗೆ, ಉಳಿದವು ರೋಮ್ ನೇರವಾಗಿ ನೇಮಿಸಿದವರಿಗೆ ಅಧೀನವಾಗಿದ್ದವು. 1928ರ ಒಪ್ಪಂದದಿಂದ ಮಹಾಧರ್ಮಪ್ರಾಂತವೇನೋ ಒಂದಾಯಿತು. ಆರ್ಚ್‌ಬಿಷಪ್ ಪದವಿ ಮಾತ್ರ ಒಮ್ಮೆ ಪೋರ್ತುಗೀಸರಿಗೆ, ಒಮ್ಮೆ ಬ್ರಿಟಿಷರಿಗೆ ಎಂದು ನಿಶ್ಚಯವಾಯಿತು. ಈ ನೆಲದ ಗುರುಗಳಿಗೆ ಸರದಿಯೇ ಇರಲಿಲ್ಲ.

ಇದು ಬರಿಯ ಗೌರವದ ಪ್ರಶ್ನೆಯಲ್ಲ. ಯಾವ ಇಗರ್ಜಿಗೆ ಯಾವ ಗುರು, ಹೊಸ ಗುರುಗಳ ತರಬೇತಿ ಹೇಗೆ, ಚರ್ಚಿನ ಶಾಲೆ ಮತ್ತು ಆಸ್ತಿಗಳ ವ್ಯವಸ್ಥೆ ಏನು ಎಂಬುದೆಲ್ಲ ಆರ್ಚ್‌ಬಿಷಪ್ಪರ ಹೊಣೆ. ಬ್ಯಾಂಕಿನ ಶಾಖೆ, ವಲಯಗಳನ್ನು ಬಲ್ಲ ನಮ್ಮಂಥವರು ಮಹಾಧರ್ಮಪ್ರಾಂತವನ್ನು ಸುತ್ತಲಿನ ಬಿಷಪ್ಪರಿಗೆಲ್ಲ ಪ್ರಧಾನ ಕಚೇರಿಯೆಂದು ಭಾವಿಸುವುದುಂಟು. ವಸ್ತುಸ್ಥಿತಿ ಹಾಗಿಲ್ಲ. ಪುಣೆಯ ಬಿಷಪ್ಪರು ಮುಂಬಯಿ ಪ್ರಾಂತ್ಯಕ್ಕೆ ಸೇರಿದವರಾದರೂ ತಮ್ಮ ಧರ್ಮಪ್ರಾಂತದಲ್ಲಿ ಅವರೇ ಅಧಿಕಾರಿಗಳು. ಮುಂಬಯಿಯವರದು ಹಿರಿತನ, ಜೊತೆಗೆ ಮಿತವಾದ ಮೇಲ್ವಿಚಾರಣೆ.

1937ರಲ್ಲಿ ಆರ್ಚ್‌ಬಿಷಪ್ಪರಾಗಿ ಬಂದ ಇಂಗ್ಲಿಷ್ ಜೆಸುಯಿಟ್ ಥಾಮಸ್ ರಾಬರ್ಟ್ಸ್ ಅವರು ಈ ಸರದಿಯನ್ನು ಮುರಿಯಲು ಅಪೂರ್ವವಾದ ದಾರಿ ಹಿಡಿದರು. 1946ರಲ್ಲಿ ಗ್ರೇಶಿಯಸ್ ಅವರು ಸಹಾಯಕ ಬಿಷಪ್ಪರಾದ ಮೇಲೆ, ಆಡಳಿತವನ್ನು ಅವರಿಗೊಪ್ಪಿಸಿ ತಾವೇ ನಗರವನ್ನು ಬಿಟ್ಟು ತೆರಳಿದರು. ಪದವಿಯಲ್ಲಿದ್ದೂ ಹೀಗೆ ಪಕ್ಕಕ್ಕೆ ಸರಿದವರು ವಿರಳವೆಂದೇ ನಮ್ಮ ಅನಿಸಿಕೆ. 1950ರಲ್ಲಿ ಪೋರ್ತುಗಲ್ ತನ್ನ ಹಕ್ಕನ್ನು ಬಿಟ್ಟುಕೊಟ್ಟಿತು, ರಾಬರ್ಟ್ಸ್ ರಾಜೀನಾಮೆಯಿತ್ತರು, ಡಿಸೆಂಬರ್‌ನಲ್ಲಿ ಗ್ರೇಶಿಯಸ್ ಮುಂಬಯಿಯ ಪ್ರಥಮ ಭಾರತೀಯ ಆರ್ಚ್‌ಬಿಷಪ್ಪರಾದರು. 1953ರ ಜನವರಿಯಲ್ಲಿ ಕಾರ್ಡಿನಲ್ ಪದವಿಯೂ ಪ್ರಾಪ್ತವಾಯಿತು. ಭಾರತೀಯನೊಬ್ಬನಿಗೆ ಅದು ಸಂದದ್ದು ಅದೇ ಮೊದಲು.

1964ರಲ್ಲಿ ಮುಂಬಯಿಯಲ್ಲಿ ಅಂತರರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನ ನೆರವೇರಿತು. ಅದಕ್ಕಾಗಿ ಆರನೆಯ ಪೌಲ್ ಅವರು ಡಿಸೆಂಬರ್‌ನಲ್ಲಿ ಆಗಮಿಸಿದರು. ಪೋಪರೊಬ್ಬರು ಭಾರತಕ್ಕೆ ಬಂದದ್ದೂ ಅದೇ ಮೊದಲು. ಆತಿಥೇಯರಾಗಿದ್ದ ಗ್ರೇಶಿಯಸ್ ಅವರಿಗೆ 1966ರಲ್ಲಿ ಪದ್ಮವಿಭೂಷಣ ಸಂದಿತು.

1978ರ ಆಗಸ್ಟ್‌ನಲ್ಲಿ ನೂತನ ಪೋಪರ ಆಯ್ಕೆಗೆ ರೋಮಿಗೆ ತೆರಳಲು ಅನಾರೋಗ್ಯ ಅವಕಾಶ ಕೊಡಲಿಲ್ಲ. ಸೆಪ್ಟೆಂಬರ್ 11ರಂದು ಅವರು ಮುಂಬಯಿಯಲ್ಲೇ ನಿಧನರಾದರು. ಅವರ ಪೀಠವನ್ನೇರಿದ ಸೈಮನ್ ಪಿಮೆಂತಾ ಇದೇ ನಗರದ ಮರೋಳದಲ್ಲಿ ಹುಟ್ಟಿದವರು.