ಎರಡನೇ ಇಬ್ರಾಹಿಂ ಆದಿಲ್ ಶಾ

ಎರಡನೇ ಇಬ್ರಾಹಿಂ ಆದಿಲ್ ಶಾ (ಸು. 1570 – 1627) ಬಿಜಾಪುರದ (ಇಂದಿನ ವಿಜಯಪುರ) ಆದಿಲ್‌ಶಾಹಿ ಮನೆತನದ ಸುಲ್ತಾನ. 1580ರಿಂದ 1627ರವರೆಗೆ ಆಳಿದ ಇವನು ಗಾಯಕ, ವಾದಕ, ಗೀತರಚನಕಾರ ಹಾಗೂ ಚಿತ್ರಕಲೆಯ ಪೋಷಕನಾಗಿಯೂ ಪ್ರಸಿದ್ಧನಾಗಿದ್ದಾನೆ. ದಖನಿ ಭಾಷೆಯ ಗೀತಸಂಗ್ರಹವಾದ ಕಿತಾಬ್-ಎ-ನವರಸ್ ಇವನ ಕೃತಿ. ಸಂಗೀತ ಮತ್ತು ಕಲೆಗಳಿಗಾಗಿ ವಿಜಯಪುರದ ಪಶ್ಚಿಮಕ್ಕಿರುವ ತೊರವಿಯ ಬಳಿ ನವರಸಪುರ ಎಂಬ ಹೊಸ ನಗರವನ್ನೇ ಕಟ್ಟಿಸಲು ಆರಂಭಿಸಿದನು. ಪ್ರಜೆಗಳು ಇವನನ್ನು ಜಗದ್ಗುರು ಬಾದಶಹ ಎಂದು ಕರೆಯುತ್ತಿದ್ದರೆಂಬುದು ಪ್ರಸಿದ್ಧವಾಗಿದೆ. ವಿಜಯಪುರದ ಇಬ್ರಾಹಿಂ ರೋಜಾ ಇವನ ಸಮಾಧಿ.

ಬಾಲ್ಯ ಮತ್ತು ಪಟ್ಟಾಭಿಷೇಕ

ಇಬ್ರಾಹಿಂನ ತಂದೆ ತಹಮಾಸ್ಪ್. ಇವನು ಸುಲ್ತಾನ ಒಂದನೇ ಅಲಿ ಆದಿಲ್ ಶಾನ ತಮ್ಮ. 1580ರಲ್ಲಿ ಅಲಿಯ ಕೊಲೆಯಾಯಿತು. ಅಲಿಗೆ ಗಂಡುಮಕ್ಕಳಿಲ್ಲದ ಕಾರಣ ಸುಮಾರು ಒಂಬತ್ತು ವರ್ಷದ ಇಬ್ರಾಹಿಂ ಸಿಂಹಾಸನವೇರಿದನು. ಬಾಲಕನ ಪಾಲನೆಯ ಹೊಣೆಯನ್ನು ಅಲಿಯ ವಿಧವೆ ಚಾಂದಬೀಬಿ ವಹಿಸಿಕೊಂಡಳು.

ಮುಂದಿನ ಹತ್ತು ವರ್ಷ ಅಧಿಕಾರವು ರಾಜಪ್ರತಿನಿಧಿಗಳ ಕೈಯಲ್ಲಿತ್ತು. ಕಾಮಿಲ್ ಖಾನ್, ಕಿಶ್ವರ್ ಖಾನ್ ಮತ್ತು ಇಖ್ಲಾಸ್ ಖಾನ್ ಒಬ್ಬರ ನಂತರ ಒಬ್ಬರು ಮೇಲೆ ಬಂದು ಕೆಳಗಿಳಿದರು. ಕಿಶ್ವರ್ ಖಾನ್ ಚಾಂದಬೀಬಿಯನ್ನೇ ಸಾತಾರಾ ಕೋಟೆಯಲ್ಲಿ ಬಂಧನದಲ್ಲಿರಿಸಿದ್ದನು. ಆಸ್ಥಾನದಲ್ಲಿ ದಖನಿ, ಹಬಶಿ ಮತ್ತು ಪರದೇಶಿ ಸರದಾರರ ಬಣಗಳ ನಡುವೆ ಕಲಹ ನಡೆದಿದ್ದಾಗಲೇ ನೆರೆಯ ರಾಜ್ಯಗಳ ಸೈನ್ಯಗಳು ಬಿಜಾಪುರವನ್ನು ಮುತ್ತಿದವು. ಈ ಮುತ್ತಿಗೆಯಲ್ಲಿ ನಗರದ ರಕ್ಷಣೆಗೆ ಚಾಂದಬೀಬಿ ತೋರಿದ ಧೈರ್ಯವು ಅವಳಿಗೆ ಕೀರ್ತಿ ತಂದಿತು. 1582ರಿಂದ ಹಬಶಿ ಸರದಾರ ದಿಲಾವರ್ ಖಾನ್ ಎಂಟು ವರ್ಷಗಳ ಕಾಲ ಆಡಳಿತ ನಡೆಸಿದನು. 1590ರಲ್ಲಿ ಇಬ್ರಾಹಿಂ ಅವನನ್ನು ಪದಚ್ಯುತಗೊಳಿಸಿ ಅಧಿಕಾರವನ್ನು ಸ್ವತಃ ವಹಿಸಿಕೊಂಡನು.

ರಾಜಕೀಯ

ಇಬ್ರಾಹಿಂನ ಆಳ್ವಿಕೆಯ ಕಾಲದಲ್ಲಿ ದಖನಿನ ಸುಲ್ತಾನರೆಲ್ಲರಿಗೂ ಉತ್ತರದ ಮೊಗಲರ ಒತ್ತಡವೇ ಮುಖ್ಯ ಸಮಸ್ಯೆಯಾಗಿತ್ತು. ಬೆಳಗಾವಿಯಲ್ಲಿ ಬಂಡೆದ್ದ ತಮ್ಮ ಇಸ್ಮಾಯಿಲನನ್ನು ಅವನು 1595ರ ಹೊತ್ತಿಗೆ ಹತ್ತಿಕ್ಕಿದನು. 1597ರಲ್ಲಿ ಬಿಜಾಪುರದ ಸೇನಾನಿ ಸುಹೈಲ್ ಖಾನನ ನೇತೃತ್ವದ ದಖನಿ ಒಕ್ಕೂಟವು ಗೋದಾವರಿ ತೀರದ ಸೋನಪೇಟೆಯ ಬಳಿ ಮೊಗಲರಿಗೆ ಸೋತಿತು. 1600ರಲ್ಲಿ ಅಹಮದನಗರದ ಕೋಟೆ ಮೊಗಲರ ವಶವಾಯಿತು. ಅಲ್ಲಿಗೆ ಮರಳಿದ್ದ ಚಾಂದಬೀಬಿಯೂ ಅದೇ ವರ್ಷ ಹತಳಾದಳು. ಇಬ್ರಾಹಿಂ ನೇರ ಯುದ್ಧಕ್ಕಿಂತ ಸಂಧಾನ ಮತ್ತು ಮದುವೆಯ ಸಂಬಂಧಗಳನ್ನು ಹೆಚ್ಚಾಗಿ ನೆಚ್ಚಿದನು. ಗೋಲ್ಕೊಂಡದ ಮುಹಮ್ಮದ್ ಕುಲಿ ಕುತುಬ್ ಶಾನ ಸಹೋದರಿ ಚಾಂದ್ ಸುಲ್ತಾನಳನ್ನು ವಿವಾಹವಾದನು. ತನ್ನ ಮಗಳನ್ನು 1604ರಲ್ಲಿ ಅಕ್ಬರನ ಮಗ ದಾನಿಯಾಲನಿಗೆ ಕೊಟ್ಟನು. 1619ರಲ್ಲಿ ಬೀದರನ್ನು ಗೆದ್ದುಕೊಂಡಾಗ ಬರೀದ್‌ಶಾಹಿ ರಾಜ್ಯವು ಕೊನೆಗೊಂಡಿತು.

ಕಿತಾಬ್-ಎ-ನವರಸ್

ಇಬ್ರಾಹಿಂ ತಂಬೂರ ನುಡಿಸುತ್ತಿದ್ದನು. ತನ್ನ ತಂಬೂರಕ್ಕೆ ಮೋತಿಖಾನ್ ಎಂದು ಹೆಸರಿಟ್ಟು ಅದರ ಮೇಲೆಯೇ ಹಾಡು ಕಟ್ಟಿದನು. ಅವನ ಗೀತೆಗಳ ಸಂಗ್ರಹವಾದ ಕಿತಾಬ್-ಎ-ನವರಸ್‌ನಲ್ಲಿ 59 ಗೀತೆಗಳೂ 17 ದೋಹೆಗಳೂ ಇವೆ. ಗೀತೆಗಳನ್ನು ಭೈರವ, ತೋಡಿ, ಮಲ್ಹಾರ, ಕಲ್ಯಾಣ, ಕೇದಾರ, ಭೂಪಾಲಿ ಮೊದಲಾದ 17 ರಾಗಗಳ ಅಡಿಯಲ್ಲಿ ವಿಂಗಡಿಸಲಾಗಿದೆ. ಭಾಷೆ ದಖನಿಯಾದರೂ ಸಂಸ್ಕೃತ ಮೂಲದ ಪದಗಳು ಹೇರಳವಾಗಿವೆ.

ಗ್ರಂಥದ ವಸ್ತುವೈವಿಧ್ಯ ಗಮನಾರ್ಹವಾಗಿದೆ. ಸರಸ್ವತಿ, ಗಣಪತಿ, ಶಿವ ಮತ್ತು ಪಾರ್ವತಿಯರನ್ನು ಕುರಿತ ಗೀತೆಗಳ ಜೊತೆಗೆ ಪ್ರವಾದಿಯ ಸ್ಮರಣೆಯೂ ಕಲಬುರಗಿಯ ಸೂಫಿ ಸಂತ ಖ್ವಾಜಾ ಬಂದೇನವಾಜರ ಸ್ತುತಿಯೂ ಇಲ್ಲಿವೆ. ರಾಣಿ ಚಾಂದ್ ಸುಲ್ತಾನ ಮತ್ತು ಮೆಚ್ಚಿನ ಆನೆ ಆತಶ್ ಖಾನ್ ಕೂಡ ಹಾಡಿನ ವಸ್ತುಗಳಾಗಿದ್ದಾರೆ. ಇಬ್ರಾಹಿಂ ತನ್ನನ್ನು ಗಣಪತಿ ಮತ್ತು ಸರಸ್ವತಿಯರ ಮಗನೆಂದು ಹೇಳಿಕೊಂಡಿದ್ದಾನೆ.

ನವರಸ್ ಎಂಬ ಹೆಸರು ಎರಡು ಭಾಷೆಗಳಲ್ಲಿ ಅರ್ಥ ಕೊಡುತ್ತದೆ. ಭಾರತೀಯ ಕಾವ್ಯಮೀಮಾಂಸೆ ಬಲ್ಲವರಿಗೆ ಅದು ಒಂಬತ್ತು ರಸಗಳು. ಪಾರಸಿ ಬಲ್ಲವರಿಗೆ ಅದು ಹೊಸದಾಗಿ ಬಂದದ್ದು, ತಾಜಾ ಆದದ್ದು. ಆಸ್ಥಾನದ ಪಾರಸಿ ಕವಿ ಜುಹೂರಿ ಈ ಗ್ರಂಥಕ್ಕೆ ಮುನ್ನುಡಿ ಬರೆದು, ರಸದ ಕಲ್ಪನೆಯ ಪರಿಚಯವಿಲ್ಲದ ಪಾರಸಿ ಓದುಗರ ಮುಂದೆ ಅದನ್ನು ಇರಿಸಿದನು. ಸುಲ್ತಾನನು ಈ ಒಂದು ಪದವನ್ನು ಇಡೀ ರಾಜ್ಯದ ಗುರುತಾಗಿ ಬಳಸಿದನು. ನಾಣ್ಯ, ಮುದ್ರೆ, ಧ್ವಜ, ಅರಮನೆ ಮತ್ತು ಆನೆಗಳಿಗೂ ನವರಸದ ಹೆಸರು ಬಂದಿತು. ಫರಿಶ್ತಾ ಇವನ ಆಶ್ರಯದಲ್ಲಿ ಬರೆದ ಪ್ರಸಿದ್ಧ ಇತಿಹಾಸ ಗ್ರಂಥಕ್ಕೂ ನವರಸ್‌ನಾಮಾ ಎಂಬ ಇನ್ನೊಂದು ಹೆಸರಿದೆ.

ನವರಸಪುರ

ನಗರದ ನಿರ್ಮಾಣ

1599ರಲ್ಲಿ ಇಬ್ರಾಹಿಂ ನವರಸಪುರದ ನಿರ್ಮಾಣವನ್ನು ಆರಂಭಿಸಿದನು. ಇದಕ್ಕೆ ಆಯ್ದುಕೊಂಡ ಸ್ಥಳವು ಬಿಜಾಪುರದ ಕೋಟೆಯಿಂದ ಕೆಲವೇ ಕಿಲೋಮೀಟರ್ ದೂರದ ತೊರವಿಯ ಬಯಲು. ಇಂದು ನಗರದ ಹೊರವಲಯದ ಭೂತನಾಳ ಮತ್ತು ತೊರವಿ ಗ್ರಾಮಗಳಿರುವ ಪರಿಸರವಿದು. ತೊರವಿಗೆ ಅದಾಗಲೇ ಸಾಹಿತ್ಯದ ಇತಿಹಾಸವಿತ್ತು. ಕುಮಾರವಾಲ್ಮೀಕಿ ಎಂದು ಹೆಸರಾದ ಕವಿಯು ಇಲ್ಲಿನ ನರಸಿಂಹನ ಅಂಕಿತದಲ್ಲಿ ಕನ್ನಡದ ತೊರವೆ ರಾಮಾಯಣವನ್ನು ರಚಿಸಿದ್ದನು. ನೀರಿನ ದೃಷ್ಟಿಯಿಂದಲೂ ಈ ಭಾಗ ಮುಖ್ಯವಾಗಿತ್ತು. ಬಿಜಾಪುರ ನಗರಕ್ಕೆ ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದ ಮೂಲಕ ನೀರು ಹರಿದು ಬರುತ್ತಿತ್ತು.

ನಿರ್ಮಾಣದ ಮೇಲ್ವಿಚಾರಣೆಯನ್ನು ಶಹನವಾಜ್ ಖಾನನಿಗೆ ವಹಿಸಲಾಯಿತು. ಸುಮಾರು 20,000 ಕೆಲಸಗಾರರನ್ನು ತೊಡಗಿಸಿದ ಬಗ್ಗೆ ಉಲ್ಲೇಖಗಳಿವೆ. ಸರದಾರರು ಮತ್ತು ವರ್ತಕರು ಅಲ್ಲಿ ಮನೆ ಕಟ್ಟಿಕೊಳ್ಳುವಂತೆ ಪ್ರೋತ್ಸಾಹಿಸಲಾಯಿತು. ಅರಮನೆಗಳು, ತೋಟಗಳು ಮತ್ತು ಬಜಾರು ಎದ್ದವು. ಆದರೆ ಸುತ್ತಲಿನ ಕೋಟೆಗೋಡೆ ಪೂರ್ಣಗೊಳ್ಳಲಿಲ್ಲ. ರಾಜಧಾನಿಯನ್ನು ಸ್ಥಳಾಂತರಿಸಿದರೆ ಕೇಡಾಗುವುದೆಂದು ಜ್ಯೋತಿಷಿಗಳು ಎಚ್ಚರಿಸಿದ್ದರಿಂದ ಸುಲ್ತಾನನು ಕೆಲಸವನ್ನು ನಿಲ್ಲಿಸಿದನೆಂಬ ಐತಿಹ್ಯವಿದೆ.

ಸಂಗೀತ ಮಹಲ್

ಇಲ್ಲಿನ ಕಟ್ಟಡಗಳಲ್ಲಿ ಇಂದಿಗೂ ಗುರುತಿಸಬಹುದಾದದ್ದು ಸಂಗೀತ ಮಹಲ್. ಇದು ಬಿಜಾಪುರ ಅರಕಿಲ್ಲೆಯ ಗಗನ ಮಹಲನ್ನು ಹೋಲುತ್ತದೆ, ಗಾತ್ರದಲ್ಲಿ ಅದಕ್ಕಿಂತ ಚಿಕ್ಕದು. ನಡುವೆ ವಿಶಾಲವಾದ ಒಂದು ಕಮಾನು, ಅದರ ಎರಡೂ ಬದಿಯಲ್ಲಿ ಕಿರಿದಾದ ಎತ್ತರದ ಕಮಾನುಗಳು, ಎದುರಿಗೆ ನೀರಿನ ಕೊಳ ಮತ್ತು ಸುತ್ತ ಎತ್ತರದ ಆವರಣಗೋಡೆ ಇದರ ಮುಖ್ಯ ಲಕ್ಷಣಗಳು. ಮುಂಭಾಗವು ಹೀಗೆ ತೆರೆದಿರುವುದರಿಂದ ಒಳಗೆ ನಡೆಯುವ ಸಭೆಯು ಅಂಗಳದಲ್ಲಿ ನೆರೆದವರಿಗೂ ಕಾಣುವಂತಿತ್ತು. ಮರದ ಛಾವಣಿ ಈಗ ಉಳಿದಿಲ್ಲ. ಪಕ್ಕದಲ್ಲಿರುವ ಇನ್ನೊಂದು ಕಟ್ಟಡವನ್ನು ನಾರಿ ಮಹಲ್ ಎಂದು ಕರೆಯುತ್ತಾರೆ.

ಕಲಾವಿದರ ವ್ಯವಸ್ಥೆ ಮತ್ತು ನವರಸ ಹಬ್ಬ

ದಖನಿನ ಬಹುತೇಕ ಆಸ್ಥಾನಗಳಲ್ಲಿ ಗಾಯಕ, ವಾದಕ ಮತ್ತು ನರ್ತಕಿಯರು ಅರಮನೆಯ ಪರಿವಾರದ ಭಾಗವಾಗಿರುತ್ತಿದ್ದರು. ಇಬ್ರಾಹಿಂ ಅವರನ್ನು ಒಂದು ಪ್ರತ್ಯೇಕ ಪಡೆಯಂತೆ ಸಂಘಟಿಸಿದನು. ಇದಕ್ಕೆ ಲಷ್ಕರ್-ಎ-ನವರಸ್, ಅಂದರೆ ನವರಸದ ಸೈನ್ಯ ಎಂದು ಹೆಸರಾಯಿತು. ಕಲಾವಿದರಲ್ಲಿ ಮೂರು ವರ್ಗಗಳಿದ್ದವು. ಸುಲ್ತಾನನ ಸಮ್ಮುಖದಲ್ಲಿ ಹಾಡುವವರು ಹುಜೂರಿ, ದರಬಾರಿನಲ್ಲಿ ಹಾಡುವವರು ದರ್ಬಾರಿ, ನಗರದ ಜನರಿಗಾಗಿ ಇದ್ದವರು ಶಹರಿ. ಇವರಿಗೆ ರಾಜ್ಯದ ಬೊಕ್ಕಸವೇ ಆಧಾರವಾಗಿತ್ತು. ಸಂಗೀತವನ್ನು ರಾಜನ ಖಾಸಗಿ ವಿನೋದದ ಮಿತಿಯಿಂದ ಹೊರತಂದು ಊರಿನ ಗಾತ್ರಕ್ಕೆ ಹಿಗ್ಗಿಸಲು ಈ ಮೂರನೆಯ ವರ್ಗವು ಅಗತ್ಯವಾಗಿತ್ತು.

ಈದ್-ಎ-ನವರಸ್ ಎಂಬ ಹಬ್ಬವನ್ನೂ ಇಬ್ರಾಹಿಂ ಆರಂಭಿಸಿದನು. ಇದು ಯಾವುದೇ ಮತಕ್ಕೆ ಸೇರಿದ ಹಬ್ಬವಾಗಿರಲಿಲ್ಲ. ಗಾಯನ, ವಾದನ ಮತ್ತು ನೃತ್ಯಗಳೇ ಅದರ ಆಚರಣೆಯಾಗಿದ್ದವು. ಹಾಡುಗಳ ಪುಸ್ತಕ, ಹಾಡುವ ಮಂಟಪ, ಸಂಬಳದ ಕಲಾವಿದರು, ನಿಗದಿತ ಹಬ್ಬ ಮತ್ತು ಎಲ್ಲಕ್ಕೂ ಒಂದೇ ಹೆಸರು ಎಂಬ ಈ ಐದು ಅಂಗಗಳನ್ನು ಒಂದೆಡೆ ಕೂಡಿಸಿದ್ದು ನವರಸಪುರದ ವಿಶೇಷ.

ದೂರದೇಶಗಳಿಂದ ಬಂದವರು

ನವರಸಪುರದ ಕೀರ್ತಿ ದಖನಿನ ಆಚೆಗೂ ಹರಡಿತ್ತು. ಜುಹೂರಿ ಮತ್ತು ಅವನ ಮಾವ ಮಲಿಕ್ ಕುಮ್ಮಿ ಇರಾನಿನಿಂದ ಬಂದು ಬಿಜಾಪುರದಲ್ಲಿ ನೆಲೆಸಿದ ಕವಿಗಳು. ಇರಾನಿನ ಲಿಪಿಕಾರ ಖಲೀಲುಲ್ಲಾ ಕಿತಾಬ್-ಎ-ನವರಸ್‌ನ ಸುಂದರ ಪ್ರತಿಯೊಂದನ್ನು ಬರೆದು 1618ರ ಸುಮಾರಿಗೆ ಒಪ್ಪಿಸಿದಾಗ ಸುಲ್ತಾನನು ಅವನಿಗೆ ಲೇಖನಿಯ ಬಾದಶಹ ಎಂಬ ಅರ್ಥದ ಬಿರುದು ನೀಡಿದನು. ಚಿತ್ರಕಾರ ಫರ್ರುಖ್ ಬೇಗ್ ಬಿಡಿಸಿದ, ಇಬ್ರಾಹಿಂ ತಂಬೂರ ನುಡಿಸುತ್ತಿರುವ ಚಿತ್ರವು ಈಗ ಪ್ರಾಗ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ನೆದರ್ಲೆಂಡ್ಸ್‌ನ ಹಾರ್ಲೆಮ್ ಊರಿನ ಚಿತ್ರಕಾರ ಕಾರ್ನೆಲಿಸ್ ಹೆಡಾ ಕೂಡ 1610ರ ಹೊತ್ತಿಗೆ ಇಲ್ಲಿಗೆ ಬಂದು ಸುಲ್ತಾನನ ಆಶ್ರಯದಲ್ಲಿ ನವರಸಪುರದಲ್ಲಿ ವಾಸವಾಗಿದ್ದನು.

ದಾನಿಯಾಲನ ವಿವಾಹದ ಮಾತುಕತೆಗಾಗಿ ಅಕ್ಬರನ ರಾಯಭಾರಿ ಅಸದ್ ಬೇಗ್ ಬಿಜಾಪುರಕ್ಕೆ ಬಂದನು. ಸಂಗೀತದಲ್ಲಿ ಮುಳುಗಿದ್ದ ಸುಲ್ತಾನನು ಮಾತಿಗೆ ಸಿಗುವುದೇ ಕಷ್ಟವಾಗಿತ್ತೆಂದು ಅವನು ದಾಖಲಿಸಿದ್ದಾನೆ. ತಾನ್‌ಸೇನನು ಅಕ್ಬರನ ಮುಂದೆ ನಿಂತು ಹಾಡುತ್ತಿದ್ದನೇ, ಕುಳಿತು ಹಾಡುತ್ತಿದ್ದನೇ ಎಂದು ಇಬ್ರಾಹಿಂ ವಿಚಾರಿಸಿದನೆಂದೂ ಅವನ ಬರಹದಿಂದ ತಿಳಿಯುತ್ತದೆ. ಕಲಾವಿದನಿಗೆ ಸಭೆಯಲ್ಲಿ ಸಲ್ಲಬೇಕಾದ ಸ್ಥಾನದ ಬಗ್ಗೆ ಸುಲ್ತಾನನಿಗಿದ್ದ ಆಸಕ್ತಿಗೆ ಇದು ಸಾಕ್ಷಿ. ಇಬ್ರಾಹಿಂ ತನ್ನ ಸಂಗೀತದ ಗುರು ಬಖ್ತರ್ ಖಾನನಿಗೆ ತನ್ನ ಸಹೋದರನ ಮಗಳನ್ನು ಕೊಟ್ಟು ಮದುವೆ ಮಾಡಿದ್ದನೆಂಬುದನ್ನು ಮೊಗಲ್ ಚಕ್ರವರ್ತಿ ಜಹಾಂಗೀರನು ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ.

1624ರ ದಾಳಿ

ಅಹಮದನಗರದ ಹಬಶಿ ಸೇನಾನಿ ಮಲಿಕ್ ಅಂಬರ್ ದೀರ್ಘಕಾಲ ಮೊಗಲರನ್ನು ಎದುರಿಸಿದವನು. 1624ರಲ್ಲಿ ಇಬ್ರಾಹಿಂ ಮೊಗಲರ ಪಕ್ಷ ವಹಿಸಿ ಮುಲ್ಲಾ ಮುಹಮ್ಮದ್ ಲಾರಿಯ ನೇತೃತ್ವದಲ್ಲಿ ಅವರ ನೆರವಿಗೆ ಸೈನ್ಯ ಕಳುಹಿಸಿದನು. ಅಹಮದನಗರದ ಸಮೀಪದ ಭಾತವಡಿಯಲ್ಲಿ ಮಲಿಕ್ ಅಂಬರ್ ಈ ಜಂಟಿ ಸೈನ್ಯವನ್ನು ಸೋಲಿಸಿದನು. ಲಾರಿ ಹತನಾದನು. ಗೆಲುವಿನ ಬೆನ್ನಿಗೇ ಅಂಬರ್ ಬಿಜಾಪುರದತ್ತ ನುಗ್ಗಿದನು.

ಸುಲ್ತಾನನು ಬಿಜಾಪುರದ ಭದ್ರವಾದ ಕೋಟೆಯೊಳಗೆ ಉಳಿದನು. ಗೋಡೆ ಪೂರ್ಣವಾಗದ ನವರಸಪುರಕ್ಕೆ ಅಂಥ ರಕ್ಷಣೆ ಇರಲಿಲ್ಲ. ಅಂಬರನ ಸೈನ್ಯ ಅದನ್ನು ಲೂಟಿ ಮಾಡಿ ಹಾಳುಗೆಡವಿತು. ಕಾಲು ಶತಮಾನದ ಕೆಲಸವು ಒಂದೇ ದಂಡಯಾತ್ರೆಯಲ್ಲಿ ನಾಶವಾಯಿತು. ನಗರ ಮತ್ತೆ ಚೇತರಿಸಿಕೊಳ್ಳಲಿಲ್ಲ.

ಕೊನೆಯ ದಿನಗಳು ಮತ್ತು ಇಬ್ರಾಹಿಂ ರೋಜಾ

ನವರಸಪುರ ಹಾಳಾದ ಮೂರು ವರ್ಷಗಳಲ್ಲಿ, 1627ರ ಸೆಪ್ಟೆಂಬರ್‌ನಲ್ಲಿ ಇಬ್ರಾಹಿಂ ಮರಣ ಹೊಂದಿದನು. ಅವನ ನಂತರ ಮಗ ಮುಹಮ್ಮದ್ ಆದಿಲ್ ಶಾ ಪಟ್ಟಕ್ಕೆ ಬಂದನು. ಗೋಲಗುಮ್ಮಟವು ಈ ಮುಹಮ್ಮದನ ಸಮಾಧಿ. ಇಬ್ರಾಹಿಂನ ಸಮಾಧಿಯು ನಗರದ ಪಶ್ಚಿಮದಲ್ಲಿ, ಕೋಟೆಗೋಡೆಯ ಹೊರಗಿದೆ. ಒಂದೇ ಜಗಲಿಯ ಮೇಲೆ ಎದುರುಬದುರಾಗಿ ನಿಂತ ಸಮಾಧಿ ಮತ್ತು ಮಸೀದಿಗಳನ್ನು ಒಟ್ಟಾಗಿ ಇಬ್ರಾಹಿಂ ರೋಜಾ ಎನ್ನುತ್ತಾರೆ. ರಾಣಿ ತಾಜ್ ಸುಲ್ತಾನಳ ಹೆಸರು ಇಲ್ಲಿನ ಶಾಸನದಲ್ಲಿ ಬರುತ್ತದೆ. ನಿರ್ಮಾಣದ ಹೊಣೆ ಮಲಿಕ್ ಸಂದಲ್‌ನದಾಗಿತ್ತು. ಗೋಡೆಗಳ ಮೇಲಿನ ಕಲ್ಲಿನ ಅಕ್ಷರ ಕೆತ್ತನೆ ಮತ್ತು ಜಾಲಂಧ್ರಗಳು ಈ ಸ್ಮಾರಕದ ಹೆಗ್ಗಳಿಕೆ.

ಪರಂಪರೆ

ನವರಸಪುರದ ವ್ಯವಸ್ಥೆಯು ಒಬ್ಬ ದೊರೆಯ ಅಭಿರುಚಿ ಮತ್ತು ಅವನ ಬೊಕ್ಕಸದ ಮೇಲೆ ನಿಂತಿತ್ತು. ಅವು ಇಲ್ಲವಾದಾಗ ನವರಸದ ಪಡೆಯಾಗಲಿ ಹಬ್ಬವಾಗಲಿ ಮುಂದುವರಿಯಲಿಲ್ಲ. ಕಲ್ಲಿನ ನಗರಕ್ಕಿಂತ ಹೆಚ್ಚು ಬಾಳಿದ್ದು ಹಾಡಿನ ಪುಸ್ತಕ. ಕಿತಾಬ್-ಎ-ನವರಸ್ ಹಸ್ತಪ್ರತಿಗಳಲ್ಲಿ ಉಳಿದು ಬಂದಿತು. ವಿದ್ವಾಂಸ ನಜೀರ್ ಅಹ್ಮದ್ ಅವರು ಅದನ್ನು ಸಂಪಾದಿಸಿ 1956ರಲ್ಲಿ ಪ್ರಕಟಿಸಿದರು. ಆದಿಲ್‌ಶಾಹಿ ಕಾಲದ ಸಾಹಿತ್ಯವನ್ನು ಕನ್ನಡಕ್ಕೆ ತರುವ ಕೆಲಸವನ್ನು ವಿಜಯಪುರದ ಡಾ. ಫ. ಗು. ಹಳಕಟ್ಟಿ ಸಂಶೋಧನ ಕೇಂದ್ರವು ಕೈಗೊಂಡಿದೆ.

ಆಧುನಿಕ ಕಾಲದಲ್ಲಿ ವಿಜಯಪುರದಲ್ಲಿ ನವರಸಪುರ ಉತ್ಸವ ಎಂಬ ಹೆಸರಿನಲ್ಲಿ ಸಂಗೀತ ಮತ್ತು ನೃತ್ಯದ ಸಾರ್ವಜನಿಕ ಉತ್ಸವವನ್ನು ನಡೆಸಲಾಗಿದೆ. ತೊರವಿಯ ಬಯಲಿನಲ್ಲಿ ಸಂಗೀತ ಮಹಲಿನ ಕಮಾನುಗಳು ಮತ್ತು ಆವರಣದ ಅವಶೇಷಗಳನ್ನು ಇಂದಿಗೂ ನೋಡಬಹುದು.