ಗೆಲಿಲಿಯೋನ ಕಡೆಯ ಗ್ರಂಥ

ಗೆಲಿಲಿಯೋ ಎಂದೊಡನೆ ದೂರದರ್ಶಕವು ನೆನಪಿಗೆ ಬರುತ್ತದೆ. ಆದರೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂದಿಗೂ ಪರೀಕ್ಷೆಗಾಗಿ ಬಿಡಿಸುವ ಲೆಕ್ಕವೊಂದನ್ನು ಹೂಡಿದವನು ಅವನೇ ಎಂಬುದು ಹಲವರಿಗೆ ತಿಳಿಯದು. ತೊಲೆಯ ಒಂದು ತುದಿಯನ್ನು ಗೋಡೆಯಲ್ಲಿ ನಾಟಿ, ಇನ್ನೊಂದು ತುದಿಗೆ ಭಾರವನ್ನು ತೂಗಹಾಕಿದರೆ ಅದು ಎಷ್ಟು ಭಾರಕ್ಕೆ ಮುರಿದೀತು? ಇದೇ ಆ ಲೆಕ್ಕ.

1564ರಲ್ಲಿ ಇಟಲಿಯ ಪೀಸಾ ನಗರದಲ್ಲಿ ಜನಿಸಿದ ಗೆಲಿಲಿಯೋ 18 ವರ್ಷಕಾಲ ಪಾದುವಾದಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದನು. ಸಮೀಪದ ವೆನಿಸ್ಸಿನಲ್ಲಿ ಹಡಗು ಕಟ್ಟುವ ದೊಡ್ಡ ಕಾರ್ಯಾಗಾರವಿತ್ತು. ಭಾರಿ ಹಡಗನ್ನು ನೀರಿಗಿಳಿಸುವಾಗ ಅಲ್ಲಿನ ಕೆಲಸಗಾರರು ವಿಶೇಷವಾದ ಆಧಾರಗಳನ್ನು ಕೊಡುತ್ತಿದ್ದರು; ಇಲ್ಲವಾದರೆ ಅದು ತನ್ನ ಭಾರಕ್ಕೆ ತಾನೇ ಬಿರಿಯುವುದೆಂದು ಅವರು ಅನುಭವದಿಂದ ಅರಿತಿದ್ದರು. ಕುಶಲಕರ್ಮಿಗಳ ಮಾತಿಗೆ ಕಿವಿಗೊಡುವುದು ಪಂಡಿತನಿಗೆ ಕುಂದೆಂದು ಗೆಲಿಲಿಯೋ ಎಣಿಸಲಿಲ್ಲ. ವಸ್ತುವೊಂದರ ಎಲ್ಲ ಅಳತೆಗಳನ್ನೂ ಇಮ್ಮಡಿಸಿದರೆ ತೂಕವು ಎಂಟು ಮಡಿಯಾಗುತ್ತದೆ. ಅಡ್ಡಕೊಯ್ತದ ವಿಸ್ತಾರವಾದರೋ ನಾಲ್ಕು ಮಡಿ ಮಾತ್ರ. ಆನೆಯ ಕಾಲು ಜಿಂಕೆಯ ಕಾಲಿನಂತೆ ತೆಳುವಾಗಿರಲಾರದು.

ಈ ವಿಚಾರಗಳು ಗ್ರಂಥರೂಪಕ್ಕೆ ಬಂದುದು ಅವನ ಬಾಳಿನ ಅತ್ಯಂತ ಕಷ್ಟದ ದಿನಗಳಲ್ಲಿ. ಭೂಮಿಯು ಚಲಿಸುತ್ತದೆಂಬ ಮತವನ್ನು ಎತ್ತಿಹಿಡಿದುದಕ್ಕಾಗಿ 1633ರಲ್ಲಿ ರೋಮಿನ ಧರ್ಮನ್ಯಾಯಾಲಯವು ಅವನನ್ನು ವಿಚಾರಣೆಗೆ ಗುರಿಮಾಡಿತು. ಸುಮಾರು ಎಪ್ಪತ್ತರ ಮುದುಕನು ಮಂಡಿಯೂರಿ ತನ್ನ ಮತವನ್ನು ತೊರೆಯಬೇಕಾಯಿತು. ಬಳಿಕ ಫ್ಲಾರೆನ್ಸಿನ ಬಳಿಯ ಆರ್ಚೆತ್ರಿಯ ಮನೆಯೇ ಅವನಿಗೆ ಸೆರೆಮನೆಯಾಯಿತು. ಮರುವರ್ಷವೇ, ನೆರೆಯ ಮಠದಲ್ಲಿ ಸನ್ಯಾಸಿನಿಯಾಗಿದ್ದ ಅವನ ಅಕ್ಕರೆಯ ಹಿರಿಯ ಮಗಳು ತೀರಿಕೊಂಡಳು. ಕಣ್ಣಿನ ಬೆಳಕೂ ಕುಂದುತ್ತಿತ್ತು. ಆದರೂ ಅವನು ಬರೆಯುವುದನ್ನು ಬಿಡಲಿಲ್ಲ.

ಹೊಸ ಪುಸ್ತಕವನ್ನು ಅಚ್ಚು ಮಾಡಿಸಲು ಅವನಿಗೆ ಅನುಮತಿಯಿರಲಿಲ್ಲ. ಹಸ್ತಪ್ರತಿಯು ಗಡಿಗಳನ್ನು ದಾಟಿ ಹಾಲೆಂಡಿನ ಲೈಡನ್ ನಗರವನ್ನು ಸೇರಿ, 1638ರಲ್ಲಿ ಎರಡು ನೂತನ ವಿಜ್ಞಾನಗಳನ್ನು ಕುರಿತ ಗ್ರಂಥವಾಗಿ ಹೊರಬಂದಿತು. ಒಂದು ವಿಜ್ಞಾನವು ಚಲನೆಯದು, ಇನ್ನೊಂದು ಘನವಸ್ತುಗಳ ತಾಳಿಕೆಯದು. ತನಗೆ ತಿಳಿಯದಂತೆ ಇದು ಅಚ್ಚಾಯಿತೆಂದು ಅವನು ಅರ್ಪಣೆಯಲ್ಲಿ ತೋರಿಸಿಕೊಂಡನು. ಅವನಿದ್ದ ಸ್ಥಿತಿಯಲ್ಲಿ ಆ ನೆಪವನ್ನು ಯಾರು ಹಳಿದಾರು?

ಹಲಗೆಯನ್ನು ಮಲಗಿಸಿದಾಗ ಇರುವುದಕ್ಕಿಂತ ಅಂಚಿನ ಮೇಲೆ ನಿಲ್ಲಿಸಿದಾಗ ಬಲವು ಹೆಚ್ಚು. 12 ಅಂಗುಲ ಅಗಲ, 3 ಅಂಗುಲ ದಪ್ಪದ ಹಲಗೆಗೆ ಇದು ನಾಲ್ಕು ಮಡಿ ಎಂಬುದು ಅವನ ನಿಯಮದಿಂದ ದೊರೆಯುತ್ತದೆ. ಈ ಪ್ರಮಾಣವು ಸರಿಯಾದುದೇ. ಆದರೆ ಮುರಿಯುವ ಕ್ಷಣದಲ್ಲಿ ತೊಲೆಯ ಎಳೆಗಳೆಲ್ಲವೂ ಸಮನಾಗಿ ಎಳೆಯಲ್ಪಡುವುವೆಂದು ಅವನು ಭಾವಿಸಿದ್ದನು. ವಾಸ್ತವವಾಗಿ ಮೇಲಿನ ಎಳೆಗಳು ಹಿಗ್ಗುತ್ತವೆ, ಕೆಳಗಿನವು ಕುಗ್ಗುತ್ತವೆ. ಆದುದರಿಂದ ಅವನ ಲೆಕ್ಕವು ಇಂದಿನ ಸಾಮಾನ್ಯ ಸೂತ್ರಕ್ಕಿಂತ ಮೂರು ಮಡಿ ಬಲವನ್ನು ತೋರಿಸುತ್ತಿತ್ತು. ಆ ತಪ್ಪನ್ನು ತಿದ್ದಲು ಪಾರಾಂ, ಕೂಲಂ ಮೊದಲಾದವರು ಶ್ರಮಿಸಿದರು. 1826ರಲ್ಲಿ ಪ್ರಕಟವಾದ ನಾವಿಯೇಯ ಗ್ರಂಥದಲ್ಲಿ ಆ ವಿಷಯವು ಇಂದಿನ ರೂಪವನ್ನು ತಳೆಯಿತು.

ಅಚ್ಚಾದ ಪುಸ್ತಕವು ಆರ್ಚೆತ್ರಿಗೆ ತಲಪುವ ವೇಳೆಗೆ ಗೆಲಿಲಿಯೋನ ಎರಡು ಕಣ್ಣುಗಳೂ ಸಂಪೂರ್ಣವಾಗಿ ಹೋಗಿದ್ದವು. ಗೋಡೆಯಿಂದ ಚಾಚಿದ ತೊಲೆಯ ಆ ಚಿತ್ರವನ್ನು ಅವನು ನೋಡಲಾರದೆ ಹೋದನು. 1642ರ ಜನವರಿ 8ರಂದು, ಅದೇ ಮನೆಯಲ್ಲಿ, ಬಂಧನದಲ್ಲಿರುವಾಗಲೇ ಅವನು ಕಾಲವಾದನು.